ಬಲಗಣ್ಣಿನ ಚುಕ್ಕೆ

ಕಣ್ಣು ಮೇಷ್ಟ್ರು ಬರೆದ ಕಣ್ಣಿಗೆ ಧೂಳು ಬಿದ್ದರೆ ನೀರು ಬರುತ್ತಿತ್ತು. ಅವರು ಮಾಡಿಕೊಟ್ಟ ಕಣ್ಣು ಹಾಕಿಕೊಂಡ ಗುಮಾಸ್ತನೊಬ್ಬ ಬೇರೊಂದು ಆಸ್ಪತ್ರೆಗೆ ಹೋದಾಗ, ಅಲ್ಲಿಯ ಡಾಕ್ಟರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಮೇಷ್ಟ್ರ ಕಣ್ಣಿಗೆ ಕನ್ನಡಕ ಬರೆದುಕೊಟ್ಟು, ಹುಟ್ಟಿನಿಂದ ಬಂದ ಕಣ್ಣನ್ನು ಮಾತ್ರ 'ಇದ್ಯಾಕೋ ಸ್ವಲ್ಪ ಮಂಕಾಗಿದೆ' ಎಂದು ಅನುಮಾನಿಸಿದರಂತೆ. ಮತ್ತೊಬ್ಬ ಹೆಂಗಸು, ಗಂಡನ ಹೊಸ ಕಣ್ಣು ಪದೇಪದೇ ಪಕ್ಕದ ಮನೆಯ ಕಡೆಗೇ ತಿರುಗುತ್ತದೆ ಎಂದು ಮೇಷ್ಟ್ರ ಮೇಲೆ ಜಗಳಕ್ಕೇ ಬಂದಿದ್ದಳು.

"ಅದು ಕಣ್ಣಿನ ತಪ್ಪಲ್ಲ ತಾಯಿ, ನಿಮ್ಮ ಯಜಮಾನರ ಕತ್ತಿನ ತಪ್ಪು. ಕತ್ತು ನಾನು ಮಾಡಲ್ಲ" ಎಂದು ಮೇಷ್ಟ್ರು ಅವಳಿಗೆ ಚಹಾ ಕುಡಿಸಿ ಕಳಿಸಿದರು.

ಕಣ್ಣಾಸ್ಪತ್ರೆಯ ಹಿಂಬದಿಯಲ್ಲಿ, ಬಿಸಿಲು ನೇರವಾಗಿ ಬೀಳದ ಕಿಟಕಿಯೊಂದರ ಕೋಣೆ ಅವರದು. ಪೆಟ್ಟು ಬಿದ್ದೋ ರೋಗ ಬಂದೋ ಒಂದು ಕಣ್ಣು ಕಳೆದುಕೊಂಡವರು ಅಲ್ಲಿಗೆ ಬರುತ್ತಿದ್ದರು. ಗಟ್ಟಿ ಪ್ಲಾಸ್ಟಿಕ್ಕಿನ ಬಿಳಿ ಚಿಪ್ಪು, ಅದರ ಮಧ್ಯೆ ಕೈಯಿಂದ ಬರೆದ ಕಣ್ಣಿನ ಬಿಲ್ಲೆ, ರಕ್ತನಾಳಗಳ ಬದಲು ಕೆಂಪು ರೇಷ್ಮೆಯ ಬಿಡಿಸಿದ ಎಳೆಗಳು, ಎಲ್ಲದರ ಮೇಲೆ ಗಾಜಿನಂಥ ತಿಳಿ ಪದರ. ಪುಡಿ ಬಣ್ಣಗಳು ಪುಟ್ಟ ಬಟ್ಟಲುಗಳಲ್ಲಿ ಇರುತ್ತಿದ್ದವು. ಕುಂಚಕ್ಕೆ ಒಂದೇ ಒಂದು ಕೂದಲು. ಆ ಕೂದಲನ್ನೂ ಮೇಷ್ಟ್ರು ಉದ್ದಕ್ಕೆ ಸೀಳಿ ಅರ್ಧವನ್ನಷ್ಟೇ ಬಳಸುತ್ತಿದ್ದರು ಎಂದು ಆಸ್ಪತ್ರೆಯ ತುಂಬ ಸುದ್ದಿ. ಸುದ್ದಿ ಹಬ್ಬಿಸಿದವರು ಮೇಷ್ಟ್ರೇ.

ಆದರೆ ಅವರ ನಿಜವಾದ ಹೆಮ್ಮೆ ಕುಂಚದ್ದಲ್ಲ, ನೋಟದ್ದು. ಈ ಕಸುಬಿನ ಉಳಿದವರೆಲ್ಲ ಬಂದವರನ್ನು ಕಿಟಕಿಯ ಬಳಿ ಕೂರಿಸಿ, ಒಂದು ಗೆರೆ ಎಳೆದು ಉಳಿದ ಕಣ್ಣನ್ನು ನೋಡಿ, ಇನ್ನೊಂದು ಗೆರೆ ಎಳೆದು ಮತ್ತೆ ನೋಡಿ, ಕೂತವರ ಸೊಂಟ ಬಿದ್ದುಹೋಗುವ ತನಕ ಎಳೆಯುತ್ತಿದ್ದರು. ಮೇಷ್ಟ್ರು ಹಾಗಲ್ಲ. ಒಂದೇ ಸಲ ನೋಡುವರು. ನೀರು ಗುಟುಕರಿಸಿದಂತೆ ಆ ಕಣ್ಣನ್ನು ಒಳಗೆ ಇಳಿಸಿಕೊಂಡು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಬರೆಯಲು ಕೂರುವರು. "ಆಯ್ತು, ನೋಡಿದೆ. ನೀವಿನ್ನು ಹೊರಗೆ ಹೋಗಿ ಗಾಳಿ ಕುಡೀರಿ." ಬರೆದಾದ ಮೇಲೆ ಬಿಲ್ಲೆಯ ಮೇಲೆ ಒಂದು ಹನಿ ನೀರು ಬಿಡುವರು, ಮೇಲಿನ ತಿಳಿ ಪದರ ಕೂತಾಗ ಬಣ್ಣ ಹೇಗೆ ಕಾಣುವುದೆಂದು ಆ ಹನಿಯಲ್ಲಿ ತಿಳಿಯುತ್ತಿತ್ತು. ಹನಿಯೊಳಗಿನ ಕಣ್ಣಿಗೂ ಕುರ್ಚಿಯಲ್ಲಿ ಕೂತವರ ಕಣ್ಣಿಗೂ ಕೂದಲೆಳೆಯ ವ್ಯತ್ಯಾಸ ಇರುತ್ತಿರಲಿಲ್ಲ.

ಒಬ್ಬರ ವಿಷಯದಲ್ಲಿ ಮಾತ್ರ ಆ ಒಂದು ನೋಟವೂ ಬೇಕಿರಲಿಲ್ಲ. ಮಗಳು ಇನ್ನೂ ತೊದಲುವ ವಯಸ್ಸಿನಲ್ಲೇ ಬಲಗಣ್ಣಿನಲ್ಲಿ ಗಡ್ಡೆ ಎದ್ದು, ಜೀವ ಉಳಿಸಲು ಕಣ್ಣು ತೆಗೆಯಬೇಕಾಯಿತು. ಆ ಮೇಲೆ ಅವಳು ಬೆಳೆದ ಹಾಗೆಲ್ಲ ಕಣ್ಣು ಚಿಕ್ಕದಾಗಿ, ಮೇಷ್ಟ್ರು ಹೊಸದು ಮಾಡುತ್ತ ಬಂದರು. ಬೇರೆಯವರ ಮಕ್ಕಳಿಗೆ ಬಟ್ಟೆ ಗಿಡ್ಡವಾದರೆ ಇವರ ಮಗಳಿಗೆ ಕಣ್ಣು. ಅವಳು ಸ್ಕೂಲಿನಲ್ಲಿ ಇರುವಾಗಲೇ ತಾಯಿ ತೀರಿಕೊಂಡಳು. ಮನೆ ನೋಡಿಕೊಳ್ಳಲು ಮೇಷ್ಟ್ರ ದೊಡ್ಡಕ್ಕ ಬಂದು ಉಳಿದಳು. ಮಗಳೀಗ ಹೆಂಗಸರ ಕೂದಲು ಕತ್ತರಿಸುವ ಅಂಗಡಿಯೊಂದನ್ನು ಸ್ವಂತವಾಗಿ ನಡೆಸುತ್ತಿದ್ದಳು. ಅವಳ ಕತ್ತರಿಯ ಸಪ್ಪಳ ಕೇಳಿದರೆ ಬೋಳುತಲೆಯವರಿಗೂ ಕೂದಲು ಬಿಡುವ ಆಸೆಯಾಗುತ್ತದೆಂದು ಮೇಷ್ಟ್ರು ಕಂಡವರಿಗೆಲ್ಲ ಹೇಳುತ್ತಿದ್ದರು.

ಹೀಗಿರುವಾಗ ಆಸ್ಪತ್ರೆಗೆ ಕಣ್ಣು ಮಾಡುವ ಪೆಟ್ಟಿಗೆಯೊಂದು ಬಂತು. ಮೇಷ್ಟ್ರ ಪ್ರಕಾರ ಅದು ಆನೆಯಷ್ಟು ದೊಡ್ಡದು, ಒಳಗೆ ತರಲು ಬಾಗಿಲು ಕಿತ್ತರು, ಚಾಲೂ ಮಾಡಿದಾಗ ಬೀದಿಯ ದೀಪಗಳೆಲ್ಲ ಒಮ್ಮೆ ಕಣ್ಣು ಮಿಟುಕಿಸಿದವು. ಹೊಲಿಗೆ ಯಂತ್ರದಷ್ಟಿತ್ತು, ಅಷ್ಟೆ. ಅದರ ಜೊತೆ ಬೇಸಿಗೆಯಲ್ಲೂ ಸ್ವೆಟರ್ ಹಾಕುವ, ಬೈದರೂ ನಮಸ್ಕಾರ ಮಾಡುವ ಒಬ್ಬ ಸಣಕಲು ಮನುಷ್ಯ ಬಂದ. ಅವನಿಗೆ ಪೆಟ್ಟಿಗೆಯವನೆಂದೇ ಹೆಸರಾಯಿತು.

"ಒಂದು ಫೋಟೋ ತೆಗೆದ್ರೆ ಸಾಕು ಮೇಷ್ಟ್ರೇ, ಒಂದೊಂದು ಎಳೆಯನ್ನೂ ಗುರುತಿಸಿ ಹಾಗೇ ಅಚ್ಚು ಹಾಕಿಬಿಡುತ್ತೆ" ಎಂದ ಅವನು.

"ಅಚ್ಚು ಹಾಕೋದು ಬಸ್ ಟಿಕೆಟ್ಟು ಕಣಯ್ಯ. ಕಣ್ಣನ್ನ ಬರೀಬೇಕು."

"ಇದು ಲಕ್ಷಾಂತರ ಕಣ್ಣು ನೋಡಿ ಕಲಿತಿದೆ ಮೇಷ್ಟ್ರೇ."

"ಲಕ್ಷ ಸಲ ನೋಡಿ ಕಲಿಯೋದಕ್ಕೆ ಬುದ್ಧಿ ಯಾಕೆ ಬೇಕು? ನಮ್ಮ ಬೀದಿ ಕೊನೇ ಮನೆಯವನು ಎಲ್ಲರ ಮನೆ ಕಿಟಕೀನೂ ಲಕ್ಷ ಸಲ ನೋಡಿದಾನೆ. ಏನು ಕಲಿತ?"

ಪೆಟ್ಟಿಗೆಯವನು ನಕ್ಕ. ನಗುತ್ತಲೇ, "ಬರೀ ನಕಲಲ್ಲ. ಎರಡೂ ಕಣ್ಣು ಕಳ್ಕೊಂಡವರಿಗೆ, ಮುಖ ನೋಡಿ, ಎಂಥ ಕಣ್ಣು ಇದ್ದಿರಬಹುದು ಅಂತ ತಾನೇ ಯೋಚ್ನೆ ಮಾಡಿ ಹೊಸದು ಕಟ್ಟುತ್ತೆ" ಎಂದ.

"ಯೋಚ್ನೆ ಮಾಡುತ್ತೆ?"

"ಹಾಗನ್ನಬಹುದು."

"ಅದಕ್ಕೆ ಯಾವತ್ತಾದ್ರೂ ಯಾರನ್ನಾದ್ರೂ ನೋಡ್ಬೇಕು ಅನ್ಸಿದೆಯೇನಯ್ಯ? ನೋಡ್ಬೇಕು ಅನ್ಸದೇ ಇರೋದು ಕಣ್ಣು ಮಾಡೋದು ಅಂದ್ರೆ, ಹಸಿವೇ ಆಗದವನು ಅಡಿಗೆ ಮಾಡಿದ ಹಾಗೆ. ನೀನೇ ತಿನ್ನು."

ಈ ಮಾತನ್ನು ಮೇಷ್ಟ್ರು ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಔಷಧಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕೊನೆಗೆ ಮನೆಯಲ್ಲಿ ಹೇಳಿಕೊಂಡು ಬಂದರು. ಹೇಳಿದ ಹಾಗೆಲ್ಲ ಪೆಟ್ಟಿಗೆಯವನು ಹೆಚ್ಚು ಹೆಚ್ಚು ಸೋಲುತ್ತ ಹೋದ; ಮನೆಗೆ ಬರುವಷ್ಟರಲ್ಲಿ ಅವನು ಮೇಷ್ಟ್ರ ಕಾಲು ಹಿಡಿದು ಅತ್ತಿದ್ದ.

ಆಸ್ಪತ್ರೆಯವರು ಮೇಷ್ಟ್ರ ಕೋಣೆಯನ್ನೇನೂ ಕಿತ್ತುಕೊಳ್ಳಲಿಲ್ಲ. ಬಂದವರು ಯಾವ ಬಾಗಿಲು ಬೇಕಾದರೂ ತಟ್ಟಬಹುದಿತ್ತು. ಪೆಟ್ಟಿಗೆ ಊಟದ ಹೊತ್ತಿಗೆ ಕೆಲಸ ಮುಗಿಸುತ್ತಿದ್ದರಿಂದ ಜನ ಆ ಬಾಗಿಲು ತಟ್ಟತೊಡಗಿದರು. ಅವಸರದವರು ಎಂದು ಮೇಷ್ಟ್ರು ಕೈ ಬೀಸಿದರು. ಅವಸರದವರಿಗೆ ಎಂಥ ಕಣ್ಣು ಕೊಟ್ಟರೂ ಅವರು ನೋಡುವುದಿಲ್ಲ.

ಆಗಲೇ ಮಗಳ ಕಣ್ಣು ಬದಲಿಸುವ ಸಮಯ ಬಂತು. ಹಳೆಯದು ಸಡಿಲವಾಗಿ, ತಲೆ ತಿರುಗಿಸಿದಾಗ ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತಿತ್ತು. ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು.

"ಅಪ್ಪ, ಈ ಸಲ ಪೆಟ್ಟಿಗೇಲೂ ಒಂದು ಮಾಡಿಸ್ತೀನಿ."

ಮೇಷ್ಟ್ರ ಕೈ ತಟ್ಟೆಯಲ್ಲೇ ನಿಂತಿತು. "ತಮಾಷೆಗೆ ತಾನೆ?"

"ನೀನೂ ಮಾಡು. ಎರಡನ್ನೂ ಹಾಕಿ ನೋಡ್ತೀನಿ. ಯಾವುದು ನನ್ನ ಕಣ್ಣು ಅನ್ಸುತ್ತೋ ಅದನ್ನ ಇಟ್ಕೋತೀನಿ."

"ಬೇಡ ಕಣೇ" ಎಂದಳು ದೊಡ್ಡಕ್ಕ, ಅನ್ನ ಬಡಿಸುತ್ತ. "ನಿಮ್ಮಪ್ಪ ಸೋತ್ರೆ ವಾರಗಟ್ಟಲೆ ಊಟ ಬಿಡ್ತಾನೆ. ಗೆದ್ರೆ ನಾವು ಸಾಯೋ ತನಕ ಅದನ್ನೇ ಹೇಳ್ತಾನೆ. ಎರಡರಲ್ಲಿ ಯಾವುದನ್ನ ತಡ್ಕೋಬಹುದು ಅಂತ ನಂಗೆ ಯೋಚ್ನೆ ಮಾಡೋಕಾದ್ರೂ ಬಿಡಿ."

"ಆಗಲಿ!" ಎಂದು ಮೇಷ್ಟ್ರು ಗುಡುಗಿದರು. ಲೋಟಗಳು ನಡುಗಿದವು, ಪಕ್ಕದ ಬೀದಿಯಲ್ಲಿ ಮಗುವೊಂದು ಎದ್ದು ಅತ್ತಿತು. "ಆ ಡಬ್ಬಿ ನನ್ನ ಮಗಳ ಕಣ್ಣು ಮಾಡುತ್ತೋ? ಮಾಡ್ಲಿ. ಅದರ ಮುಖಕ್ಕೆ ಮಂಗಳಾರತಿ ನಾನೇ ಎತ್ತುತ್ತೀನಿ."

ಗುಡುಗಿದರು ನಿಜ. ಆದರೆ ಎದ್ದು ಹೋಗಿ, ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದರು. ಊರಿನ ಕಣ್ಣುಗಳೆಲ್ಲ ಪೆಟ್ಟಿಗೆಗೆ ಹೋಗಲಿ. ಮಗಳ ಕಣ್ಣಿನ ಅದೊಂದು ಗೂಡು ತಮ್ಮದು. ಅದು ಹುಣಸೆ ಬೀಜದಷ್ಟಿದ್ದಾಗಿನಿಂದ ಅದರ ಒಳಗೋಡೆಯ ಒಂದೊಂದು ಏರಿಳಿತವೂ ಅವರಿಗೆ ಗೊತ್ತು. ಅಲ್ಲಿಗೆ ಬೇರೆ ಕಣ್ಣು ಬಂದು ಕೂತರೆ, ಆಮೇಲೆ ತಾವು ಏನು?

ಮರುದಿನ ಮಗಳು ಅಳತೆ ಕೊಡಲು ಬಂದಳು. ಮೇಷ್ಟ್ರು ಅಚ್ಚಿನ ಹಿಟ್ಟು ಕಲೆಸಿ ಗೂಡಿನ ಅಳತೆ ತೆಗೆದರು. ಮುಖ ತೊಳೆದುಕೊಂಡ ಮೇಲೂ ಅವಳು ಹೊರಡಲಿಲ್ಲ.

"ಕಿಟಕಿ ಹತ್ರ ಕೂತ್ಕೊಳ್ಲಾ? ಒಂದು ಸಲ ನೋಡಿಬಿಡು."

"ನಿನ್ನ ಕಣ್ಣನ್ನ ನಾನು ನೋಡ್ಬೇಕಾ? ಬಾಯಿಪಾಠ ಕಣೇ ಅದು ನಂಗೆ."

"ಆದ್ರೂ."

"ಹೋಗು, ಹೋಗು. ಅಂಗಡೀಲಿ ಯಾರೋ ಅರ್ಧ ತಲೆ ಕತ್ತರಿಸ್ಕೊಂಡು ಕಾಯ್ತಿರ್ತಾರೆ."

ಅವಳು ಚೀಲ ತೆಗೆದುಕೊಂಡು ಹೋದಳು. ಮೇಷ್ಟ್ರು ಆಗಲೇ ಗೋಡೆಯ ಕಡೆ ತಿರುಗಿ ಬಣ್ಣದ ಬಟ್ಟಲುಗಳನ್ನು ಜೋಡಿಸುತ್ತಿದ್ದರು.

ಅವರು ಬರೆದ ಸೊಗಸನ್ನು ಏನೆಂದು ಹೇಳುವುದು. ಕಿಟಕಿಗೆ ಬಂದ ಪಾರಿವಾಳಗಳು ಹಾರುವುದನ್ನು ಮರೆತು ಕೂತವು. ಮೊದಲು ಗಾಢ ಕಂದು. ಅದರ ಮೇಲೆ ತಿಳಿ ಕಂದಿನ ಎಳೆಗಳು, ಹೊರಗಿನಿಂದ ನಡುವಿಗೆ. ಪಾಪೆಯ ಸುತ್ತ ಜೇನಿನ ಬಣ್ಣದ ತೆಳ್ಳನೆಯ ಬಳೆ. ಕೊನೆಗೆ, ಉಸಿರು ಹಿಡಿದು, ಆ ಬಳೆಯ ಕೆಳಗೆ ಚಹಾಪುಡಿಯ ಕಣದಷ್ಟು ಒಂದು ಚುಕ್ಕೆ. ಆ ಚುಕ್ಕೆ ಇಡುವ ತನಕ ಅದು ಬಿಲ್ಲೆ. ಇಟ್ಟ ಮೇಲೆ ಯಾರೋ ತಲೆಯೆತ್ತಿ ನೋಡಿದಂತಾಗುತ್ತಿತ್ತು. ಮೇಷ್ಟ್ರು ಪ್ರತಿ ಸಲವೂ ಆ ಕ್ಷಣಕ್ಕಾಗಿ ಕಾಯುತ್ತಿದ್ದರು. ಈ ಸಲವೂ ನೀರಿನ ಹನಿ ಬಿಟ್ಟು, ಅದರೊಳಗಿಂದ ತಮ್ಮನ್ನು ನೋಡಿದ ಕಣ್ಣಿಗೆ, "ಬಂದ್ಯಾ?" ಎಂದರು.

ಒರೆ ಹಚ್ಚುವ ದಿನ ಪೆಟ್ಟಿಗೆಯ ಕೋಣೆಯಲ್ಲಿ ನಾಲ್ವರು ಸೇರಿದರು. ದೊಡ್ಡಕ್ಕ ತನಗೆ ಬೇರೆ ಕೆಲಸವಿಲ್ಲವೆಂದು ಬೈದುಕೊಳ್ಳುತ್ತ ಎಲ್ಲರಿಗಿಂತ ಮೊದಲು ಬಂದು ಒಳ್ಳೆಯ ಕುರ್ಚಿ ಹಿಡಿದಿದ್ದಳು. ಮಗಳು ಮೊದಲು ಅಪ್ಪನ ಕಣ್ಣು ಹಾಕಿಕೊಂಡಳು. ಹದವಾಗಿ ಕೂತಿತು.

"ನೋಡಯ್ಯ" ಎಂದರು ಮೇಷ್ಟ್ರು. "ನೋಡಿ, ಬೇಕಾದ್ರೆ ಅಳು. ಕರವಸ್ತ್ರ ಇದೆ."

ಪೆಟ್ಟಿಗೆಯವನು ನೋಡಿದ. ಫೋಟೋ ತೆಗೆದು ಪರದೆಯ ಮೇಲೆ ಎರಡು ಕಣ್ಣನ್ನೂ ತಟ್ಟೆಯಷ್ಟು ದೊಡ್ಡದು ಮಾಡಿ ಅಕ್ಕಪಕ್ಕ ಇಟ್ಟ. ಒಂದರಿಂದ ಇನ್ನೊಂದಕ್ಕೆ ಬೆರಳು ಸರಿಸಿ ನೋಡಿದ.

"ಮೇಷ್ಟ್ರೇ, ಇಷ್ಟು ಜೀವ ಇರೋ ಕೆಲಸ ನಾನು ಎಲ್ಲೂ ನೋಡಿಲ್ಲ. ಪ್ರಮಾಣ ಮಾಡಿ ಹೇಳ್ತೀನಿ." ಅವನು ಸ್ವೆಟರಿನ ತೋಳು ಎಳೆದುಕೊಂಡ. "ಆದ್ರೆ ಇದು ಇವರ ಕಣ್ಣಲ್ಲ."

"ಏನಂದೆ?"

"ಈ ಬಳೆ ಇವರ ಕಣ್ಣಲ್ಲಿ ಇಲ್ಲ. ಈ ಚುಕ್ಕೇನೂ ಇಲ್ಲ. ನೋಡಿ."

"ನಿನ್ನ ಗಾಜು ಕೊಳೆಯಾಗಿದೆ. ಒರೆಸು."

ಒರೆಸಿದ. ಮತ್ತೆ ತೆಗೆದ. ಮತ್ತೆ ಇಲ್ಲ.

"ಲೋ, ನಿನ್ನ ಡಬ್ಬಿಗೆ ಕಣ್ಣು ಬಂದಿದೆ, ಬೇನೆ, ಕಣ್ಣುಬೇನೆ! ಅದಕ್ಕೆ ಮೊದ್ಲು ಔಷಧಿ ಹಾಕು!" ಎಂದು ಮೇಷ್ಟ್ರು ಮಗಳ ಕೈ ಹಿಡಿದು, ಉದ್ದ ಪಡಸಾಲೆಯನ್ನು ದಾಟಿ, ತಮ್ಮ ಕೋಣೆಗೆ ಎಳೆದುಕೊಂಡು ಹೋದರು. ಉಳಿದಿಬ್ಬರೂ ಹಿಂದೆ ಬಂದರು. ಮಗಳನ್ನು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂರಿಸಿ, ಗಲ್ಲ ಹಿಡಿದೆತ್ತಿ, ಅವಳ ಎಡಗಣ್ಣನ್ನು ನೋಡಿದರು.

ಕಪ್ಪಿಗೆ ಹತ್ತಿರದ ಕಂದು. ಬಾಚಿದ ಕೂದಲಿನಂತೆ ನೇರ ಎಳೆಗಳು. ಅಂಚಿನಲ್ಲಿ ಹೊಗೆಯ ಬಣ್ಣ. ಬಳೆಯಿಲ್ಲ. ಚುಕ್ಕೆಯಿಲ್ಲ.

ಮೇಷ್ಟ್ರು ಮತ್ತೆ ನೋಡಿದರು. ಕಿಟಕಿಯ ಪರದೆ ಸರಿಸಿ ನೋಡಿದರು. ಅವಳ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಹುಟ್ಟಿನಿಂದ ಯಾವ ಕಣ್ಣನ್ನೂ ಎರಡನೇ ಸಲ ನೋಡದ ಮನುಷ್ಯ, ಕಳೆದ ಕಿವಿಯೋಲೆಯನ್ನು ಕಸದಲ್ಲಿ ಹುಡುಕುವವರ ಹಾಗೆ ಮಗಳ ಕಣ್ಣಿನಲ್ಲಿ ಹುಡುಕಿದರು. ಅದೊಂದು ಚಂದದ ಕಣ್ಣು. ಅವರಿಗೆ ಅದರ ಪರಿಚಯವಿರಲಿಲ್ಲ.

ಆ ಚುಕ್ಕೆ ಯಾರದೆಂದು ಅವರಿಗೆ ಹೊಳೆದದ್ದು ಆ ಕುರ್ಚಿಯಿಂದಲೇ. ಅವರ ಹೆಂಡತಿ ಅಲ್ಲೇ ಕೂತು, ಕಿಟಕಿಯ ಬೆಳಕಿನಲ್ಲಿ, ಕೆಂಪು ರೇಷ್ಮೆಯ ದಾರವನ್ನು ಎಳೆ ಎಳೆಯಾಗಿ ಬಿಡಿಸಿ ಕೊಡುತ್ತಿದ್ದಳು. ಒಂದು ಎಳೆ ಬಿಡಿಸಿದಾಗಲೆಲ್ಲ ತಲೆಯೆತ್ತಿ, "ಇಷ್ಟು ಸಣ್ಣ ಸಾಕಾ?" ಎಂದು ಕೇಳುತ್ತಿದ್ದಳು.

"ನಂಗೆ ಗೊತ್ತಿತ್ತು ಅಪ್ಪ" ಎಂದಳು ಮಗಳು.

"ಯಾವಾಗಿಂದ?"

"ಅಮ್ಮ ಹೋದ ಮೇಲೆ ನೀನು ಮಾಡಿದ ಮೊದಲ್ನೇ ಕಣ್ಣಿಂದ. ಸ್ವಲ್ಪ ಸ್ವಲ್ಪವೇ ಬದಲಾಯ್ತು. ಇಡೀ ದಿನ ಕನ್ನಡಿ ಮುಂದೆ ನಿಲ್ಲೋಳು ನಾನು, ಗೊತ್ತಾಗಲ್ವಾ? ಬಂದೋರೂ ಕೇಳ್ತಾರೆ. ಒಂದೊಂದು ಕಣ್ಣು ಒಂದೊಂದು ಬಣ್ಣ, ಹುಟ್ಟಿದಾಗಿಂದ ಹಾಗೇನಾ ಅಂತ."

"ಹೇಳ್ಬಾರದಿತ್ತೇನೇ?"

ಪೆಟ್ಟಿಗೆಯವನು ಹೊರಗೆ ಹೋಗಲು ನೋಡಿದ. ಬಾಗಿಲಲ್ಲಿ ದೊಡ್ಡಕ್ಕ ನಿಂತಿದ್ದಳು.

"ನನ್ನ ಹತ್ರ ಮಾತಾಡುವಾಗ ನೀನು ಯಾವಾಗ್ಲೂ ಆ ಕಣ್ಣನ್ನೇ ನೋಡ್ತಿದ್ದೆ. ಎಷ್ಟು ಅಕ್ಕರೆಯಿಂದ ನೋಡ್ತಿದ್ದೆ ಅಂದ್ರೆ, ಹೇಳಿದ್ರೆ ಅದೂ ಹೋಗಿಬಿಡುತ್ತೇನೋ ಅಂತ ಸುಮ್ನಿದ್ದೆ." ಅವಳ ದನಿ ಕೋಪದ್ದಲ್ಲ, ಕೋಪದ್ದಾಗಿದ್ದರೆ ಮೇಷ್ಟ್ರಿಗೆ ಸುಲಭವಿತ್ತು. "ಅದು ಕಾಣದ ಕಣ್ಣು ಅಪ್ಪ. ಕಾಣೋ ಕಣ್ಣು ಈ ಕಡೆ ಇತ್ತು. ನೀನು ಆ ಕಡೆ ನೋಡ್ತಿರೋದನ್ನ ನಾನು ಈ ಕಡೆಯಿಂದ ನೋಡ್ತಾ ಇರ್ತಿದ್ದೆ."

ಅವಳು ಅಪ್ಪನ ಕಣ್ಣನ್ನು ತೆಗೆದು, ತೊಳೆದು, ಮೇಜಿನ ಮೇಲಿನ ಬಟ್ಟೆಯ ಮೇಲಿಟ್ಟಳು. ಪೆಟ್ಟಿಗೆಯವನ ಅಂಗೈಯಿಂದ ಇನ್ನೊಂದನ್ನು ತೆಗೆದುಕೊಂಡು ಹಾಕಿಕೊಂಡು, ಕಣ್ಣು ಮಿಟುಕಿಸಿ, ತಿರುಗಿದಳು. ಎರಡೂ ಒಂದೇ. ಮುಖಕ್ಕೆ ಮುಖವೇ ಸರಿಹೋದಂತೆ ಇತ್ತು. ಪೆಟ್ಟಿಗೆಗೆ ಯಾರನ್ನೂ ನೆನೆಸಿಕೊಳ್ಳಬೇಕಾಗಿರಲಿಲ್ಲ. ಅದು ಎದುರಿಗೆ ಕೂತವಳನ್ನು ನೋಡಿತ್ತು.

"ಹೇಗಿದೆ?" ಎಂದು ಕೇಳಿದಳು. ಅಪ್ಪನನ್ನೇ ಕೇಳಿದಳು.

ಇರುವೆಯನ್ನು ಎಮ್ಮೆ ಮಾಡುವ ಮನುಷ್ಯ. ಸಾಧಾರಣ ಚಹಾ ಕುಡಿದರೂ ಸ್ವರ್ಗ ಕಂಡು ಬಂದೆ ಎನ್ನುವವರು. ಅವರ ಬಾಯಿಂದ ಬಂದದ್ದು ಒಂದೇ ಮಾತು.

"ಚೆನ್ನಾಗಿದೆ."

ಆ ವಾರ ಅವರು ಊಟ ಬಿಡಲಿಲ್ಲ. ಬಿಟ್ಟಿದ್ದರೆ ದೊಡ್ಡಕ್ಕನಿಗೆ ಬೈಯಲು ದಾರಿಯಾಗುತ್ತಿತ್ತು. ತಟ್ಟೆಯಲ್ಲಿ ಹಾಕಿದ್ದನ್ನೆಲ್ಲ ತಿಂದು, ಮಗಳ ಜೊತೆ ಮಾತಾಡುವಾಗ ಗೋಡೆ ನೋಡುತ್ತ, ಬೇಗ ಎದ್ದು ಹೋಗುತ್ತಿದ್ದರು. ಆಮೇಲೊಂದು ಮಧ್ಯಾಹ್ನ, ಮಗಳು ಅಂಗಡಿಗೆ ಹೋಗಿದ್ದಾಗ, ಅಡುಗೆಮನೆಗೆ ಬಂದು ನಿಂತರು. ಹಳೆಯ ದರ್ಪ ಸ್ವಲ್ಪ ಮರಳಿತ್ತು.

"ಅಕ್ಕ, ಒಂದು ಮಾತು ಯೋಚ್ನೆ ಮಾಡು. ಡಬ್ಬಿ ಎದುರಿಗೆ ಇದ್ದದ್ದನ್ನ ಮಾಡ್ತು. ಅದರಲ್ಲಿ ಏನು ಮಹಾ? ಆದ್ರೆ ಹೋದವಳ ಕಣ್ಣನ್ನ, ಎದುರಿಗೆ ಏನೂ ಇಲ್ದೆ, ಇಷ್ಟು ವರ್ಷ ಒಂದು ಎಳೆ ತಪ್ಪದ ಹಾಗೆ ಇಟ್ಕೊಂಡವನು ಯಾರು? ಮಾಡ್ಲಿ ನೋಡೋಣ ಅದು!" ಜೇಬಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. "ನೋಡು. ಅವಳೇ ಅಲ್ವಾ?"

ದೊಡ್ಡಕ್ಕ ಕೈ ಒರೆಸಿಕೊಂಡು, ಕಣ್ಣನ್ನು ಬೆಳಕಿಗೆ ಹಿಡಿದಳು. ಅವಳ ನಾಲಿಗೆಗೆ ಹೆದರಿ ಹಾಲಿನವನು ನೀರು ಬೆರೆಸುವುದನ್ನು ಬಿಟ್ಟು, ನೀರಿನವನು ಹಾಲು ಬೆರೆಸತೊಡಗಿದ್ದನೆಂದು ಪ್ರತೀತಿ. ಆ ನಾಲಿಗೆ ಈಗ ಸರಿಯಾಗಿ ಹೊರಳಲಿಲ್ಲ.

"ನಂಗೆ ಗೊತ್ತಿಲ್ಲ ಕಣೋ."

"ಏನು ಗೊತ್ತಿಲ್ಲ? ಈ ಬಳೆ, ಈ ಚುಕ್ಕೆ?"

"ಅವಳು ನನ್ನ ಮುಖ ನೋಡಿ ಮಾತಾಡಿದ್ರೆ ತಾನೆ? ನಾನು ಬಂದ್ರೆ ನೆಲ ನೋಡ್ತಿದ್ಲು. ಅವಳ ಬೈತಲೆ ಬೇಕಾದ್ರೆ ಗುರುತು ಹಿಡೀತೀನಿ. ಕಣ್ಣು ನಾನು ಕಂಡಿಲ್ಲಪ್ಪ." ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ತಮ್ಮನ ಕೈಗಿಟ್ಟು, ಒಲೆಯ ಕಡೆ ತಿರುಗಿದಳು. ತಿರುಗಿದವಳು ಆರಿದ ಒಲೆಯ ಮೇಲಿನ ಖಾಲಿ ಪಾತ್ರೆಗೆ ಸೌಟು ಹಾಕಿ ತಿರುವತೊಡಗಿದಳು.

ಮೇಷ್ಟ್ರು ಹೆಂಡತಿಯ ಹಳೆಯ ಫೋಟೋಗಳನ್ನು ಹೊರತೆಗೆದರು. ಇದ್ದವೇ ಕೆಲವು. ಒಂದರಲ್ಲಿ ಅವಳು ದೂರ ನಿಂತಿದ್ದಳು, ಕಣ್ಣುಗಳು ಸಾಸಿವೆಯಷ್ಟಿದ್ದವು. ಉಳಿದವುಗಳಲ್ಲಿ ನಗುತ್ತಿದ್ದಳು, ನಕ್ಕರೆ ಅವಳ ಕಣ್ಣುಗಳು ಮುಚ್ಚಿಹೋಗುತ್ತಿದ್ದವು. ನಗಿಸಿದವರು ಯಾರೆಂದು ಬೇರೆ ಹೇಳಬೇಕಿಲ್ಲ. ಆ ಚುಕ್ಕೆ ಎಡಗಣ್ಣಿನಲ್ಲಿತ್ತೋ ಬಲಗಣ್ಣಿನಲ್ಲಿತ್ತೋ ಎಂದು ತಮ್ಮನ್ನೇ ಕೇಳಿಕೊಂಡರು. ಕಣ್ಣು ಮುಚ್ಚಿ ಅವಳ ಮುಖ ತಂದುಕೊಂಡರು. ಮುಖ ಬಂತು, ತಲೆಯೂ ಎತ್ತಿತು. ಎತ್ತಿದಾಗ ಅಲ್ಲಿದ್ದದ್ದು ತಾವೇ ಬರೆದ ಕಣ್ಣು. ನೀರಿನ ಹನಿಯ ಕೆಳಗಿನದು. ಅದನ್ನು ಪಕ್ಕಕ್ಕೆ ಸರಿಸಿ ಅದರ ಹಿಂದಿನದನ್ನು ನೋಡಲು ಅವರಿಂದ ಆಗಲಿಲ್ಲ.

ಆ ಮೇಲೆ ಅವರು ಮಾಡಿದ್ದನ್ನು ಕೇಳಿದರೆ ಆಸ್ಪತ್ರೆಯ ಯಾರೂ ನಂಬುತ್ತಿರಲಿಲ್ಲ. ದೂರ ನಿಂತಿದ್ದ ಆ ಫೋಟೋ ತೆಗೆದುಕೊಂಡು ಪೆಟ್ಟಿಗೆಯ ಬಾಗಿಲು ತಟ್ಟಿದರು.

"ನಿನ್ನ ಡಬ್ಬಿ ಮುಖ ನೋಡಿ ಕಣ್ಣು ಕಟ್ಟುತ್ತೆ ಅಂದ್ಯಲ್ಲ. ಇವಳದು ಕಟ್ಟು."

ಪೆಟ್ಟಿಗೆಯವನು ಪ್ರಶ್ನೆ ಕೇಳಲಿಲ್ಲ. ಫೋಟೋ ಒಳಗಿಟ್ಟ. ಪರದೆಯ ತುಂಬ ಕಣ್ಣುಗಳು ಅರಳಿದವು, ಸಾಲು ಸಾಲಾಗಿ. ಜೇನಿನ ಬಳೆಯಿದ್ದದ್ದು, ಇಲ್ಲದ್ದು, ಚುಕ್ಕೆ ಮೇಲಿದ್ದದ್ದು, ಕೆಳಗಿದ್ದದ್ದು, ಬರೀ ಕಪ್ಪು. ಒಂದೊಂದನ್ನೂ ಅವಳ ಮುಖಕ್ಕೆ ಕೂರಿಸಿ ತೋರಿಸಿದ. ಒಂದೊಂದೂ ಒಪ್ಪಿತು. ಒಂದೊಂದರಿಂದಲೂ ಅವಳು ಮೇಷ್ಟ್ರನ್ನು ನೋಡಿದಳು.

"ಇವುಗಳಲ್ಲಿ ಯಾವುದಯ್ಯ?" ಎಂದರು ಮೇಷ್ಟ್ರು ಬಹಳ ಮೆಲ್ಲಗೆ.

"ಪೆಟ್ಟಿಗೆಗೆ ಅದು ಗೊತ್ತಾಗಲ್ಲ ಮೇಷ್ಟ್ರೇ. ಇದು ಎಷ್ಟು ಬೇಕಾದ್ರೂ ಕಟ್ಟುತ್ತೆ. ಯಾವುದು ಅಂತ, ನೋಡಿದವರು ಯಾರಾದ್ರೂ ಹೇಳ್ಬೇಕು."

ನೋಡಿದವರು ಇನ್ನು ಒಬ್ಬಳೇ ಉಳಿದಿದ್ದಳು.

ಮಗಳ ಅಂಗಡಿಗೆ ರಜೆಯ ದಿನ ಬೆಳಿಗ್ಗೆ ಹೋದರು. ಅವಳು ಬಾಚಣಿಗೆಗಳನ್ನು ತೊಳೆಯುತ್ತಿದ್ದಳು. "ಕೂದಲು ಬೆಳೆದಿದೆ" ಎಂದರು ನೆಪಕ್ಕೆ. "ನಿಜ, ಇನ್ನೂ ಎರಡು ದಿನ ಬಿಟ್ಟಿದ್ರೆ ನಿನ್ನ ಮೇಲೆ ಹಕ್ಕಿ ಗೂಡು ಕಟ್ಟೋದು" ಎಂದು ಅವಳು ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿ, ಹಿಂದೆ ನಿಂತಳು. ಕತ್ತರಿ ಶುರುವಾಯಿತು.

"ಮಗಾ, ಅಮ್ಮನ ಕಣ್ಣಲ್ಲಿ ಒಂದು ಚುಕ್ಕೆ ಇತ್ತಲ್ವಾ?"

"ಇತ್ತು."

ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು. "ಇತ್ತು ತಾನೆ? ನಿಂಗೆ ನೆನಪಿದೆಯಾ?"

ಕತ್ತರಿ ಎರಡು ಸಲ ಆಡಿತು, ನಿಂತಿತು.

"ನಿಂಗೆ ಸುಳ್ಳು ಹೇಳೋಕಾಗಲ್ಲ ಅಪ್ಪ. ಇತ್ತು ಅಂತ ಅನ್ಸುತ್ತೆ. ಆದ್ರೆ ಅಮ್ಮನ ಕಣ್ಣು ಅಂದ್ರೆ ನಂಗೆ ನೆನಪಾಗೋದು ನೀ ಮಾಡಿದ್ದೇ. ದಿನಾ ಕನ್ನಡೀಲಿ ಅದನ್ನೇ ನೋಡ್ತಿದ್ನಲ್ಲ. ಅಮ್ಮನೇ ಅಂದ್ಕೊಂಡು ನೋಡ್ತಿದ್ದೆ. ನೋಡ್ತಾ ನೋಡ್ತಾ ಅವಳದ್ದು ಹೇಗಿತ್ತು ಅನ್ನೋದು..."

ಮೇಷ್ಟ್ರು ತಲೆಯೆತ್ತಿದರು. ಅವರ ನೋಟ, ಇಷ್ಟು ವರ್ಷದ ಅಭ್ಯಾಸದಂತೆ, ಕನ್ನಡಿಯಲ್ಲಿ ಕಂಡ ಮಗಳ ಮುಖದಲ್ಲಿ, ತಮ್ಮ ಎಡಗೈ ಕಡೆಗಿದ್ದ ಬದಿಗೆ ಹೋಗಿ ನಿಂತಿತು. ಎದುರುಬದುರು ಕೂತಾಗ ಅವಳ ಬಲಗಣ್ಣು ಇರುತ್ತಿದ್ದದ್ದು ಆ ಬದಿಯಲ್ಲೇ. ಅಲ್ಲಿ ಈಗ ಚುಕ್ಕೆಯಿಲ್ಲವೆಂದು ಗೊತ್ತಿದ್ದೂ ಚುಕ್ಕೆಗಾಗಿ ಹುಡುಕಿದರು. ಹೆಂಡತಿಗಾಗಿ ಹುಡುಕಿದರು. ಕೊನೆಯ ಸಲ, ಹಟ ಹಿಡಿದು, ರೆಪ್ಪೆ ಬಡಿಯದೆ ಹುಡುಕಿದರು.

ಆದರೆ ಅವಳು ಎದುರಿಗೆ ಇರಲಿಲ್ಲ, ಬೆನ್ನ ಹಿಂದೆ ನಿಂತು ಅದೇ ಕನ್ನಡಿಗೆ ಮುಖ ಮಾಡಿದ್ದಳು; ಅವರ ಎಡವೇ ಅವಳ ಎಡ. ಕನ್ನಡಿಯ ಆ ಬದಿಯಲ್ಲಿದ್ದದ್ದು ಅವಳ ಎಡಗಣ್ಣು. ಕಾಣುವ ಕಣ್ಣು.

"ಅಪ್ಪ" ಎಂದಳು ಮಗಳು. "ನನ್ನನ್ನ ನೋಡ್ತಾ ಇದ್ದೀಯ."

ಮೇಷ್ಟ್ರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಅವರು ಕಣ್ಣು ಸರಿಸಲಿಲ್ಲ. ಸರಿಸುವ ಧೈರ್ಯವಾಗಲಿಲ್ಲ.

"ಹೂಂ" ಎಂದರು. "ನಿನ್ನನ್ನೇ."

ಅವಳು ಮುಂಗೈಯಿಂದ ಮುಖ ಒರೆಸಿಕೊಂಡು ನಕ್ಕಳು. ನಕ್ಕಾಗ ಎರಡು ಕಣ್ಣುಗಳೂ ಮುಚ್ಚಿಹೋದವು. ಆ ನಗು ಯಾರದೆಂದು ಮೇಷ್ಟ್ರಿಗೆ ಗೊತ್ತಿತ್ತು. ಬಾಯಿ ತೆರೆದರು, ಹೇಳಲಿಲ್ಲ. ಈ ಸಲ ಅದನ್ನು ಅವಳದೆಂದೇ ಬಿಟ್ಟರು.

"ತಲೆ ಬಗ್ಗಿಸು. ಹಿಂದೆ ಇನ್ನೂ ಇದೆ."

ಬಗ್ಗಿಸಿದರು. ನರೆತ ಕೂದಲು ಬಟ್ಟೆಯ ಮೇಲೆ ಬಿದ್ದುಬಿದ್ದು ಜಾರುತ್ತಿತ್ತು. ಕತ್ತರಿ ಕೆಳಗಿಟ್ಟು, "ಆಯ್ತು, ಏಳು" ಎಂದು ಅವಳು ಹೇಳಿದ ಮೇಲೂ ಮೇಷ್ಟ್ರು ತಲೆ ಎತ್ತಲಿಲ್ಲ; ಮಡಿಲ ಮೇಲಿನ ಬಟ್ಟೆಗೆ ಒಂದೊಂದೇ ಹನಿ ಬೀಳುತ್ತಿತ್ತು.